ಚಿತ್ರಪಟಕ್ಕೆ ಮರಳಿದ ಜನರಲ್: ಆಂಡ್ರೂ ಜಾಕ್ಸನ್ ಕುರಿತ ಜಗಳ ಇನ್ನೂ ಏಕೆ ಮುಗಿದಿಲ್ಲ?

2025ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಎರಡನೇ ಸಲ ಶ್ವೇತಭವನಕ್ಕೆ ಬಂದಾಗ ಓವಲ್ ಆಫೀಸಿನ ಗೋಡೆಗೆ 1829ರಿಂದ 1837ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್‌ನ ಚಿತ್ರಪಟವೂ ಮರಳಿ ಬಂತು. 2017ರಲ್ಲಿ ಅದನ್ನು ಅಲ್ಲಿ ಹಾಕಿಸಿದ್ದವರೂ ಅವರೇ. 2021ರಲ್ಲಿ ಜೋ ಬೈಡನ್ ಅದನ್ನು ತೆಗೆಸಿ ಬೆಂಜಮಿನ್ ಫ್ರಾಂಕ್ಲಿನ್ ಚಿತ್ರ ಹಾಕಿಸಿದ್ದರು. 2025ರ ಆಗಸ್ಟ್‌ನಲ್ಲಿ ಫೆಡರಲ್ ರಿಸರ್ವ್ ಮಂಡಳಿಯ ಗವರ್ನರ್ ಲೀಸಾ ಕುಕ್ ಅವರನ್ನು ವಜಾ ಮಾಡಿರುವುದಾಗಿ ಟ್ರಂಪ್ ಘೋಷಿಸಿದರು, ವಿಷಯ ಕೋರ್ಟಿಗೆ ಹೋಯಿತು. ಕೇಂದ್ರ ಬ್ಯಾಂಕಿನ ಜೊತೆ ಅಧ್ಯಕ್ಷನೊಬ್ಬ ಹೀಗೆ ನೇರವಾಗಿ ಸೆಣಸಿದ್ದು ಹಿಂದೆ ಯಾವಾಗ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ 1830ರ ದಶಕಕ್ಕೆ, ಅಂದರೆ ಮತ್ತೆ ಜಾಕ್ಸನ್‌ಗೆ ಬಂದು ನಿಲ್ಲುತ್ತದೆ.

ಹೊರಗಿನಿಂದ ಓದುವವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಒಂದು ಲೇಖನದಲ್ಲಿ ಆತ ರಾಜಕೀಯವನ್ನು ಸಿರಿವಂತರ ಕೈಯಿಂದ ಸಾಮಾನ್ಯನ ಕೈಗೆ ತಂದ ನಾಯಕ. ಇನ್ನೊಂದರಲ್ಲಿ ಮೂಲನಿವಾಸಿಗಳನ್ನು ನೆಲೆಯಿಂದ ಕಿತ್ತು ಸಾವಿರಾರು ಜನರ ಸಾವಿಗೆ ಕಾರಣನಾದವನು, ಗುಲಾಮರ ಒಡೆಯ. ಕಾಗದದ ಹಣವನ್ನು ಜೀವನವಿಡೀ ದ್ವೇಷಿಸಿದವನ ಮುಖ 1928ರಿಂದ ಇಪ್ಪತ್ತು ಡಾಲರ್ ನೋಟಿನ ಮೇಲಿದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಳ್ಳೆಯ ಜಾಕ್ಸನ್ ಒಬ್ಬ, ಕೆಟ್ಟ ಜಾಕ್ಸನ್ ಇನ್ನೊಬ್ಬ ಎಂದು ಭಾಗ ಮಾಡಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಬಿಳಿಯ ರೈತನಿಗೆ ಮತ ಸಿಕ್ಕಿದ್ದು, ಅವನಿಗೆ ಅಗ್ಗದ ಜಮೀನು ಸಿಕ್ಕಿದ್ದು, ಆ ಜಮೀನಿನ ಮೇಲಿದ್ದವರನ್ನು ಓಡಿಸಿದ್ದು, ಅದರ ಸುತ್ತ ಬೆಳೆದ ಸಾಲದ ಗುಳ್ಳೆ ಒಡೆದದ್ದು, ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡ ಘಟನೆಗಳು. ಅವನ ಬದುಕನ್ನು ಆ ಕ್ರಮದಲ್ಲೇ ನೋಡುವುದು ಒಳ್ಳೆಯದು.

ಹದಿನಾಲ್ಕಕ್ಕೆ ಅನಾಥ

ಜಾಕ್ಸನ್ ಹುಟ್ಟಿದ್ದು 1767ರ ಮಾರ್ಚ್ 15ರಂದು, ಉತ್ತರ ಮತ್ತು ದಕ್ಷಿಣ ಕೆರೊಲೈನಾಗಳ ಗಡಿಯ ವ್ಯಾಕ್ಸಾ ಎಂಬ ಪ್ರದೇಶದಲ್ಲಿ. ತಂದೆತಾಯಿ ಐರ್ಲೆಂಡಿನ ಉತ್ತರ ಭಾಗದಿಂದ ವಲಸೆ ಬಂದವರು. ಮಗ ಹುಟ್ಟುವ ಮೊದಲೇ ತಂದೆ ತೀರಿಹೋದ. ಸ್ವಾತಂತ್ರ್ಯ ಯುದ್ಧದಲ್ಲಿ ಇಬ್ಬರು ಅಣ್ಣಂದಿರನ್ನೂ ತಾಯಿಯನ್ನೂ ಕಳೆದುಕೊಂಡ. 1781ರಲ್ಲಿ ಸೆರೆಸಿಕ್ಕಾಗ ಬ್ರಿಟಿಷ್ ಅಧಿಕಾರಿಯ ಬೂಟು ಒರೆಸಲು ಒಪ್ಪದ್ದಕ್ಕೆ ಬಿದ್ದ ಕತ್ತಿಯೇಟಿನ ಗುರುತು ಕೈ ಮತ್ತು ತಲೆಯ ಮೇಲೆ ಕೊನೆಯವರೆಗೂ ಉಳಿಯಿತು.

ವಕೀಲಿಕೆ ಕಲಿತು 1788ರಲ್ಲಿ ನ್ಯಾಶ್‌ವಿಲ್‌ಗೆ ಸರ್ಕಾರಿ ವಕೀಲನಾಗಿ ಹೋದ. ಟೆನೆಸಿ 1796ರಲ್ಲಿ ರಾಜ್ಯವಾದಾಗ ಅದರ ಮೊದಲ ಸಂಸದನಾದ, ಬಳಿಕ ಕೆಲಕಾಲ ಸೆನೆಟರ್, ನ್ಯಾಯಾಧೀಶ, 1802ರಿಂದ ರಾಜ್ಯದ ನಾಗರಿಕ ಸೇನೆಯ ಮೇಜರ್ ಜನರಲ್. 1804ರಲ್ಲಿ ‘ಹರ್ಮಿಟೇಜ್’ ಜಮೀನು ಕೊಂಡು ಹತ್ತಿ ಬೆಳೆಯತೊಡಗಿದ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಆರಂಭದಲ್ಲಿ ಹತ್ತರೊಳಗೆ ಇದ್ದ ಅವರ ಸಂಖ್ಯೆ ಜಾಕ್ಸನ್ ಸಾಯುವ ಹೊತ್ತಿಗೆ ಸುಮಾರು 150 ಆಗಿತ್ತು. ಓಡಿಹೋದ ಒಬ್ಬ ಗುಲಾಮನನ್ನು ಹಿಡಿದುಕೊಟ್ಟವರಿಗೆ 50 ಡಾಲರ್, ಅವನಿಗೆ ಹೊಡೆಯುವ ಪ್ರತಿ ನೂರು ಛಡಿಯೇಟಿಗೆ 10 ಡಾಲರ್ ಹೆಚ್ಚು, ಮುನ್ನೂರು ಏಟಿನವರೆಗೆ ಎಂದು 1804ರಲ್ಲಿ ಅವನು ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು ಇಂದಿಗೂ ಇದೆ. ‘ಆ ಕಾಲವೇ ಹಾಗಿತ್ತು’ ಎನ್ನುವವರು ಗಮನಿಸಬೇಕು: ಗುಲಾಮಗಿರಿಯ ಜಾಹೀರಾತುಗಳು ಆಗ ಮಾಮೂಲು, ಆದರೆ ಹೊಡೆತಕ್ಕೆ ಪ್ರತ್ಯೇಕ ದರ ನಿಗದಿ ಮಾಡುವುದು ಮಾಮೂಲಾಗಿರಲಿಲ್ಲ.

ಎರಡು ಯುದ್ಧಗಳು, ಒಂದು ಹೆಸರು

ಜಾಕ್ಸನ್‌ಗೆ ದೇಶಮಟ್ಟದ ಹೆಸರು ತಂದದ್ದು 1813ರಿಂದ 1815ರ ನಡುವಿನ ಹದಿನೆಂಟು ತಿಂಗಳು. ಇಂದಿನ ಅಲಬಾಮಾದಲ್ಲಿದ್ದ ಕ್ರೀಕ್ ಜನಾಂಗ ಒಳಗೇ ಒಡೆದಿತ್ತು. ‘ರೆಡ್ ಸ್ಟಿಕ್ಸ್’ ಎಂಬ ಬಣ ಬಿಳಿಯರ ವಿಸ್ತರಣೆಯನ್ನು ವಿರೋಧಿಸಿ ಆಯುಧ ಹಿಡಿದರೆ, ಉಳಿದ ಹಲವರು ಅಮೆರಿಕದ ಪಕ್ಷ ವಹಿಸಿದರು. 1814ರ ಮಾರ್ಚ್ 27ರಂದು ಹಾರ್ಸ್‌ಶೂ ಬೆಂಡ್ ಎಂಬಲ್ಲಿ, ನದಿಯ ತಿರುವಿನೊಳಗೆ ಮರದ ದಿಮ್ಮಿಗಳ ಕೋಟೆ ಕಟ್ಟಿಕೊಂಡಿದ್ದ ರೆಡ್ ಸ್ಟಿಕ್ಸ್ ಯೋಧರನ್ನು ಜಾಕ್ಸನ್ ಮುತ್ತಿದ. ಎದುರಿನಿಂದ ಫಿರಂಗಿ ಹಾರಿಸಿದರೂ ದಿಮ್ಮಿಗಳು ಅಲುಗಲಿಲ್ಲ. ಯುದ್ಧದ ದಿಕ್ಕು ಬದಲಿಸಿದವರು ಅವನ ಜೊತೆಗಿದ್ದ ಚೆರೋಕಿ ಯೋಧರು. ಅವರು ಹಿಂದಿನಿಂದ ನದಿ ಈಜಿ, ಶತ್ರುಗಳ ದೋಣಿಗಳನ್ನು ಕದ್ದು ತಂದು, ಅವುಗಳಲ್ಲೇ ಕುಳಿತು ಬೆನ್ನ ಕಡೆಯಿಂದ ದಾಳಿ ಮಾಡಿದರು. ಆ ದಿನ ಸತ್ತ ರೆಡ್ ಸ್ಟಿಕ್ಸ್ 800ಕ್ಕೂ ಹೆಚ್ಚು. ಅಮೆರಿಕದ ನೆಲದಲ್ಲಿ ಮೂಲನಿವಾಸಿಗಳು ಒಂದೇ ಕಾಳಗದಲ್ಲಿ ಇಷ್ಟು ಜನರನ್ನು ಕಳೆದುಕೊಂಡದ್ದು ವಿರಳ.

ಆಗಸ್ಟ್ 9ರಂದು ಆದ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ ಕ್ರೀಕರು ಸುಮಾರು 2.3 ಕೋಟಿ ಎಕರೆ ಬಿಟ್ಟುಕೊಡಬೇಕಾಯಿತು. ಕರ್ನಾಟಕದ ವಿಸ್ತೀರ್ಣದ ಹೆಚ್ಚುಕಡಿಮೆ ಅರ್ಧ ಅದು. ಕಿತ್ತುಕೊಂಡದ್ದು ಸೋತವರಿಂದ ಮಾತ್ರವಲ್ಲ. ಜಾಕ್ಸನ್ ಜೊತೆ ನಿಂತು ಹೋರಾಡಿದ ಕ್ರೀಕರ ನೆಲವೂ ಅದರಲ್ಲಿ ಸೇರಿತ್ತು. ಹತ್ತಿಗೆ ಹೇಳಿ ಮಾಡಿಸಿದಂಥ ಮಣ್ಣು. ಮುಂದಿನ ಇಪ್ಪತ್ತು ವರ್ಷ ದಕ್ಷಿಣದ ರಾಜಕೀಯವನ್ನು ನಡೆಸಿದ್ದು ಈ ಮಣ್ಣಿನ ಆಸೆ.

ಎರಡನೆಯದು ನ್ಯೂ ಆರ್ಲಿಯನ್ಸ್, 1812ರಿಂದ ಬ್ರಿಟನ್ನಿನ ಜೊತೆ ನಡೆಯುತ್ತಿದ್ದ ಯುದ್ಧದ ಕಾಳಗ. 1815ರ ಜನವರಿ 8ರಂದು ನಗರದ ಕೆಳಹರಿವಿನ ಕಡೆ, ಮಿಸಿಸಿಪ್ಪಿ ನದಿ ಮತ್ತು ಜೌಗಿನ ನಡುವಿನ ಕಿರಿದಾದ ಬಯಲಿನಲ್ಲಿ ಬ್ರಿಟಿಷರು ನೇರ ದಾಳಿ ಮಾಡಿದರು. ಜಾಕ್ಸನ್ ಒಣ ಕಾಲುವೆಯೊಂದರ ಹಿಂದೆ ಮಣ್ಣಿನ ಗೋಡೆ ಎಬ್ಬಿಸಿ ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿದ್ದ. ಬ್ರಿಟಿಷರ ಯೋಜನೆಯಲ್ಲಿ ತಪ್ಪಿದ್ದು ಮುಖ್ಯವಾಗಿ ಎರಡು. ಕಾಲುವೆ ತುಂಬಲು ಬೇಕಾದ ಕಬ್ಬಿನ ಕಟ್ಟುಗಳನ್ನೂ ಗೋಡೆ ಹತ್ತುವ ಏಣಿಗಳನ್ನೂ ಹೊತ್ತು ತರಬೇಕಿದ್ದ ತುಕಡಿ ಅವಿಲ್ಲದೆಯೇ ಮುಂದೆ ಬಂದಿತ್ತು. ನದಿಯ ಆಚೆ ದಡಕ್ಕೆ ರಾತ್ರಿಯೇ ದಾಟಿ ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಳ್ಳಬೇಕಿದ್ದ ಪಡೆ ತಡವಾಯಿತು. ಮಂಜು ಕರಗಿದಾಗ ಸೈನಿಕರು ತೆರೆದ ಬಯಲಿನಲ್ಲಿ ನಿಂತಿದ್ದರು. ಸೇನಾಪತಿ ಪ್ಯಾಕನ್‌ಹ್ಯಾಮ್ ಸೇರಿದಂತೆ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಒಟ್ಟು ಸುಮಾರು ಎರಡು ಸಾವಿರ. ಜಾಕ್ಸನ್‌ನ ಕಡೆ ಆ ದಿನ ಸತ್ತವರು ಹದಿಮೂರು. ಕೆಂಟಕಿಯ ಬೇಟೆಗಾರರ ಬಂದೂಕುಗಳೇ ಗೆಲ್ಲಿಸಿದವು ಎಂಬ ಜನಪ್ರಿಯ ಕತೆ ಇದ್ದರೂ ಹೆಚ್ಚಿನ ಹಾನಿ ಮಾಡಿದ್ದು ಫಿರಂಗಿ. ಘೆಂಟ್ ಶಾಂತಿ ಒಪ್ಪಂದಕ್ಕೆ 1814ರ ಡಿಸೆಂಬರ್ 24ರಂದೇ ಸಹಿ ಬಿದ್ದಿತ್ತು. ಸುದ್ದಿ ಮಾತ್ರ ಸಾಗರ ದಾಟಿರಲಿಲ್ಲ.

ಈ ಗೆಲುವಿನ ಬೆನ್ನಿಗೆ ನಡೆದ ಒಂದು ಘಟನೆಯನ್ನು ಅವನ ಅಧ್ಯಕ್ಷಾವಧಿಯ ಮುನ್ನುಡಿ ಎಂದೇ ಓದಬಹುದು. ಕಾಳಗ ಮುಗಿದರೂ ಜಾಕ್ಸನ್ ನಗರದ ಸೇನಾಡಳಿತವನ್ನು ಮಾರ್ಚ್ ಮಧ್ಯದವರೆಗೆ ಎತ್ತಲಿಲ್ಲ. ಟೀಕಿಸಿ ಬರೆದ ಶಾಸಕನನ್ನು ಬಂಧಿಸಿದ. ಆ ಶಾಸಕನ ಪರವಾಗಿ ಆದೇಶ ಕೊಟ್ಟ ಫೆಡರಲ್ ನ್ಯಾಯಾಧೀಶ ಡಾಮಿನಿಕ್ ಹಾಲ್‌ನನ್ನೂ ಬಂಧಿಸಿದ. ಸೇನಾಡಳಿತ ಮುಗಿದ ಮೇಲೆ ಅದೇ ನ್ಯಾಯಾಧೀಶ ಅವನಿಗೆ 1,000 ಡಾಲರ್ ದಂಡ ಹಾಕಿದ. ಜಾಕ್ಸನ್ ಕಟ್ಟಿದ. 1844ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಬಡ್ಡಿ ಸಮೇತ ವಾಪಸು ಕೊಟ್ಟಿತು. ತುರ್ತು ಇದೆ ಎಂದು ತಾನು ನಂಬಿದಾಗ ಕಾನೂನನ್ನು ಬದಿಗಿಡುವುದು, ಆಮೇಲೆ ಜನಪ್ರಿಯತೆಯ ಬಲದಿಂದ ಪಾರಾಗುವುದು ಇಲ್ಲಿಂದ ಅವನ ಅಭ್ಯಾಸವಾಯಿತು.

ಸೋತ ಚುನಾವಣೆ ಕಟ್ಟಿದ ಪಕ್ಷ

1824ರ ಅಧ್ಯಕ್ಷ ಚುನಾವಣೆಯಲ್ಲಿ ನಾಲ್ವರು ಕಣದಲ್ಲಿದ್ದರು. ಎಲೆಕ್ಟೋರಲ್ ಮತಗಳಲ್ಲಿ (ಅಧ್ಯಕ್ಷನನ್ನು ಆರಿಸಲು ಪ್ರತಿ ರಾಜ್ಯ ಕಳಿಸುವ ಪ್ರತಿನಿಧಿಗಳ ಮತ) ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ವಿಲಿಯಂ ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ಗೆಲ್ಲಲು 131 ಬೇಕಿತ್ತು. ಯಾರಿಗೂ ಬಹುಮತ ಬರದಿದ್ದರೆ ಮೊದಲ ಮೂವರಲ್ಲಿ ಒಬ್ಬನನ್ನು ಪ್ರತಿನಿಧಿ ಸಭೆ ಆರಿಸಬೇಕು, ಅಲ್ಲಿ ಪ್ರತಿ ರಾಜ್ಯಕ್ಕೂ ಒಂದೇ ಮತ ಎಂಬುದು ಸಂವಿಧಾನದ ನಿಯಮ. ಪಟ್ಟಿಯಿಂದ ಹೊರಬಿದ್ದ ಕ್ಲೇ ಆಡಮ್ಸ್‌ನನ್ನು ಬೆಂಬಲಿಸಿದ. 1825ರ ಫೆಬ್ರವರಿ 9ರಂದು 13 ರಾಜ್ಯಗಳ ಬಲದಿಂದ ಆಡಮ್ಸ್ ಗೆದ್ದ. ಕೆಲವೇ ದಿನಗಳಲ್ಲಿ ಕ್ಲೇ ವಿದೇಶಾಂಗ ಕಾರ್ಯದರ್ಶಿಯಾದ.

ಇಲ್ಲಿ ಕಾನೂನು ಎಲ್ಲೂ ಮುರಿದಿರಲಿಲ್ಲ. ಆದರೆ ಅತಿ ಹೆಚ್ಚು ಮತ ಪಡೆದವನು ಸೋತಿದ್ದ, ಅವನನ್ನು ಸೋಲಿಸಿದವನಿಗೆ ಹುದ್ದೆ ಸಿಕ್ಕಿತ್ತು. ‘ಭ್ರಷ್ಟ ಒಳಒಪ್ಪಂದ’ ಎಂಬ ಕೂಗು ನಾಲ್ಕು ವರ್ಷ ನಿಲ್ಲಲಿಲ್ಲ. ಆ ಸಿಟ್ಟನ್ನು ಊರೂರಿನ ಸಮಿತಿ, ಪತ್ರಿಕೆ, ಮೆರವಣಿಗೆಗಳಾಗಿ ಹೆಣೆದದ್ದು ನ್ಯೂಯಾರ್ಕಿನ ಮಾರ್ಟಿನ್ ವ್ಯಾನ್ ಬ್ಯೂರನ್. ಇಂದಿನ ಡೆಮಾಕ್ರಟಿಕ್ ಪಕ್ಷದ ಬೇರು ಇದೇ. ಅಷ್ಟರಲ್ಲಿ ಹೆಚ್ಚಿನ ರಾಜ್ಯಗಳು ಬಿಳಿಯ ಗಂಡಸರಿಗೆ ಮತ ಹಾಕಲು ಆಸ್ತಿ ಇರಬೇಕೆಂಬ ಷರತ್ತನ್ನು ತೆಗೆದಿದ್ದವು. 1828ರಲ್ಲಿ ಜಾಕ್ಸನ್ 178 ಎಲೆಕ್ಟೋರಲ್ ಮತ ಪಡೆದ, ಆಡಮ್ಸ್ 83. ಮತದಾನದ ಹಕ್ಕನ್ನು ಜಾಕ್ಸನ್ ಕೊಡಿಸಿದ ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ, ಹಕ್ಕು ಕೊಟ್ಟದ್ದು ರಾಜ್ಯಗಳು. ಹಕ್ಕು ಸಿಕ್ಕವರನ್ನು ಮತಗಟ್ಟೆಗೆ ಕರೆತರುವ ಯಂತ್ರ ಅವನ ಹೆಸರಿನಲ್ಲಿ ಕಟ್ಟಲ್ಪಟ್ಟಿತು.

ಕರಿಯರಿಗೆ, ಮಹಿಳೆಯರಿಗೆ, ಮೂಲನಿವಾಸಿಗಳಿಗೆ ಈ ‘ಜನತೆ’ಯಲ್ಲಿ ಜಾಗ ಇರಲಿಲ್ಲ. ಕೆಲವು ರಾಜ್ಯಗಳಲ್ಲಿ ಬಡ ಬಿಳಿಯರಿಗೆ ಮತ ಕೊಟ್ಟ ಅವಧಿಯಲ್ಲೇ ಸ್ವತಂತ್ರ ಕರಿಯರ ಮತ ಕಿತ್ತುಕೊಳ್ಳಲಾಯಿತು. ಆಳುವವನು ಜನರ ಮಾತಿಗೆ ತಲೆಬಾಗಬೇಕು ಎಂದು ಜಾಕ್ಸನ್ ನಂಬಿದ್ದ, ಅದರಲ್ಲಿ ಸಂಶಯವಿಲ್ಲ. ಆ ಜನರಿಗೆ ಏನು ಬೇಕಿತ್ತು ಎಂಬುದು ಮುಂದಿನ ಪ್ರಶ್ನೆ.

1830ರ ಕಾನೂನು: ಐದು ಮತಗಳ ಅಂತರ

ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿಗಳ ಮತದಾರರಿಗೆ ಬೇಕಿದ್ದದ್ದು ಜಮೀನು. 1820ರ ದಶಕದ ಕೊನೆಗೆ ಚೆರೋಕಿ, ಕ್ರೀಕ್, ಚೊಕ್ಟಾ, ಚಿಕಸಾ, ಸೆಮಿನೋಲ್ ಎಂಬ ಐದು ಜನಾಂಗಗಳ ಕೈಯಲ್ಲಿ ಇನ್ನೂ ಕೋಟಿಗಟ್ಟಲೆ ಎಕರೆ ಇತ್ತು, ಅದೂ ಅಮೆರಿಕ ಸರ್ಕಾರವೇ ಸಹಿ ಮಾಡಿದ ಒಪ್ಪಂದಗಳ ರಕ್ಷಣೆಯಲ್ಲಿ. ಚೆರೋಕಿಗಳು 1827ರಲ್ಲಿ ಲಿಖಿತ ಸಂವಿಧಾನ ಮಾಡಿಕೊಂಡಿದ್ದರು. ಸಿಕ್ವೊಯಾ ಎಂಬಾತ ರೂಪಿಸಿದ ಲಿಪಿಯಲ್ಲಿ 1828ರಿಂದ ಪತ್ರಿಕೆ ಹೊರಡಿಸುತ್ತಿದ್ದರು. ಅದೇ ಹೊತ್ತಿಗೆ ಅವರ ನೆಲದಲ್ಲಿ ಚಿನ್ನ ಸಿಕ್ಕಿತು.

1830ರ ಮೇ 28ರಂದು ಜಾಕ್ಸನ್ ಸಹಿ ಹಾಕಿದ ‘ಇಂಡಿಯನ್ ರಿಮೂವಲ್’ (ಮೂಲನಿವಾಸಿಗಳ ಸ್ಥಳಾಂತರ) ಕಾನೂನು ಅಕ್ಷರಶಃ ಓದಿದರೆ ಸೌಮ್ಯವಾಗಿದೆ. ಮಿಸಿಸಿಪ್ಪಿ ನದಿಯ ಪೂರ್ವಕ್ಕಿದ್ದ ನೆಲಕ್ಕೆ ಬದಲಾಗಿ ಪಶ್ಚಿಮದಲ್ಲಿ ನೆಲ ಕೊಡುವ ಒಪ್ಪಂದ ಮಾಡಿಕೊಳ್ಳಲು ಅಧ್ಯಕ್ಷನಿಗೆ ಅಧಿಕಾರ, ಖರ್ಚಿಗೆ 5 ಲಕ್ಷ ಡಾಲರ್. ಬಲವಂತದ ಮಾತೇ ಇಲ್ಲ. ಬಲವಂತ ಬಂದದ್ದು ಇನ್ನೊಂದು ಬಾಗಿಲಿನಿಂದ. ರಾಜ್ಯಗಳು ತಮ್ಮ ಕಾನೂನನ್ನು ಬುಡಕಟ್ಟುಗಳ ನೆಲದ ಮೇಲೆ ಹೇರಿದವು. ಜಾರ್ಜಿಯಾದಲ್ಲಂತೂ ಬಿಳಿಯನ ವಿರುದ್ಧ ಮೂಲನಿವಾಸಿ ಸಾಕ್ಷಿ ಹೇಳುವಂತಿರಲಿಲ್ಲ. ಯಾರಾದರೂ ಮನೆಗೆ ನುಗ್ಗಿ ದನ ಹೊಡೆದುಕೊಂಡು ಹೋದರೂ ಕೋರ್ಟಿನಲ್ಲಿ ದೂರಿಗೆ ಬೆಲೆ ಇಲ್ಲ. ರಾಜ್ಯಗಳನ್ನು ತಡೆಯಲು ಫೆಡರಲ್ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದು ಜಾಕ್ಸನ್ ಹೇಳಿಬಿಟ್ಟ. ಉಳಿದುಕೊಂಡರೆ ಕಿರುಕುಳ, ಹೊರಟರೆ ‘ಸ್ವಂತ ಇಚ್ಛೆ’.

ಈ ಕಾನೂನು ಪ್ರತಿನಿಧಿ ಸಭೆಯಲ್ಲಿ ಪಾಸಾದದ್ದು 102–97ರಲ್ಲಿ. ಐದು ಗುಲಾಮರನ್ನು ಮೂರು ಜನರೆಂದು ಎಣಿಸಿ ದಕ್ಷಿಣದ ರಾಜ್ಯಗಳಿಗೆ ಸಿಗುತ್ತಿದ್ದ ಹೆಚ್ಚುವರಿ ಸ್ಥಾನಗಳು ಈ ಅಂತರಕ್ಕಿಂತ ಬಹಳ ಹೆಚ್ಚಿದ್ದವು. ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ‘ಇಂದಿನ ಮಾನದಂಡದಿಂದ ಅಂದಿನವರನ್ನು ಅಳೆಯಬಾರದು’ ಎಂಬ ಸಮರ್ಥನೆ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಅಂದಿನ ಸೆನೆಟ್‌ನಲ್ಲೇ ನ್ಯೂಜೆರ್ಸಿಯ ಥಿಯೋಡೋರ್ ಫ್ರೀಲಿಂಗ್‌ಹೈಸನ್ ಮೂರು ದಿನ ಮಾತನಾಡಿ ಒಪ್ಪಂದಗಳ ಉಲ್ಲಂಘನೆಯನ್ನು ಖಂಡಿಸಿದ. ಜಾಕ್ಸನ್‌ನ ಸ್ವಂತ ಟೆನೆಸಿಯಿಂದ ಬಂದ ಸಂಸದ ಡೇವಿ ಕ್ರಾಕೆಟ್ ವಿರುದ್ಧ ಮತ ಹಾಕಿ ಮುಂದಿನ ಚುನಾವಣೆಯಲ್ಲಿ ಸೋತ. ತಪ್ಪು ಎಂದು ಹೇಳಿದವರು ಅಂದೇ 97 ಜನ ಇದ್ದರು.

ಸಾಗಣೆ ಹೇಗೆ ನಡೆಯಿತು, ಏನು ಕೆಟ್ಟಿತು

ಸಾವುಗಳಾದದ್ದು ಬಹುಪಾಲು ಆಡಳಿತದ ಕಾರಣಕ್ಕೆ. ಸಾಗಣೆಯ ಕೆಲಸ ಗುತ್ತಿಗೆದಾರರ ಕೈಗೆ ಹೋಯಿತು, ಆಹಾರ ಮತ್ತು ದೋಣಿಗಳ ಖರ್ಚು ಉಳಿದಷ್ಟೂ ಅವರಿಗೆ ಲಾಭ. ಮೊದಲು ಹೊರಟ ಚೊಕ್ಟಾಗಳು 1831ರ ಚಳಿಗಾಲದ ಹಿಮಬಿರುಗಾಳಿಗೆ ಸಿಕ್ಕಿಕೊಂಡರು. 1837ರ ಅಕ್ಟೋಬರ್ 31ರ ರಾತ್ರಿ, ಕ್ರೀಕರನ್ನು ಕಿಕ್ಕಿರಿದು ತುಂಬಿದ್ದ ‘ಮಾನ್ಮೌತ್’ ಎಂಬ ಉಗಿದೋಣಿ ಮಿಸಿಸಿಪ್ಪಿಯಲ್ಲಿ ಇನ್ನೊಂದು ಹಡಗಿಗೆ ಗುದ್ದಿ ಒಡೆದು 300ಕ್ಕೂ ಹೆಚ್ಚು ಜನ ಮುಳುಗಿದರು.

ಊರಲ್ಲೇ ಉಳಿಯಬಯಸಿದ ಕ್ರೀಕರಿಗೆ 1832ರ ಒಪ್ಪಂದ ಕುಟುಂಬಕ್ಕೆ 320 ಎಕರೆ ಕೊಟ್ಟಿತ್ತು. ಕಾಗದದ ಮೇಲೆ ಅದು ನ್ಯಾಯ. ಕ್ರಯಪತ್ರಕ್ಕೆ ಮಾಲೀಕ ಸರ್ಕಾರಿ ಏಜೆಂಟನ ಮುಂದೆ ಬಂದು ಗುರುತು ಹಾಕಬೇಕಿತ್ತು. ದಲ್ಲಾಳಿಗಳು ಬೇರೆ ಯಾರನ್ನೋ ಮಾಲೀಕನೆಂದು ಕರೆತಂದು ಗುರುತು ಹಾಕಿಸಿದರು. ನಿಜವಾದ ಮಾಲೀಕನಿಗೆ ತಿಳಿದದ್ದು ಹೊಸಬ ಬಂದು ಮನೆ ಬಿಡಿಸಿದಾಗ. ಹಂಚಿಕೆ ಕೊಟ್ಟು ರಕ್ಷಣೆ ಕೊಡದಿದ್ದರೆ ಹೇಗೆ ಜಮೀನು ಕೈತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಚೆರೋಕಿಗಳು ಕೋರ್ಟಿಗೆ ಹೋದರು. 1832ರ ‘ವುಸ್ಟರ್ ವಿರುದ್ಧ ಜಾರ್ಜಿಯಾ’ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದು ಎಂದ. ‘ಮಾರ್ಷಲ್ ತೀರ್ಪು ಕೊಟ್ಟಿದ್ದಾನೆ, ಅವನೇ ಜಾರಿ ಮಾಡಲಿ’ ಎಂದು ಜಾಕ್ಸನ್ ಹೇಳಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅವನು ಹಾಗೆ ಹೇಳಿದ್ದಕ್ಕೆ ಆ ಕಾಲದ ದಾಖಲೆ ಇಲ್ಲ. ತೀರ್ಪು ಜೈಲಿನಲ್ಲಿದ್ದ ಧರ್ಮಪ್ರಚಾರಕ ಸ್ಯಾಮ್ಯುಯೆಲ್ ವುಸ್ಟರ್‌ನ ಬಿಡುಗಡೆಗೆ ಸಂಬಂಧಿಸಿತ್ತು, ಜಾರಿ ಮಾಡೆಂದು ಅಧ್ಯಕ್ಷನಿಗೆ ಆದೇಶವೇನೂ ಇರಲಿಲ್ಲ. ಆದ್ದರಿಂದ ಅವನು ಆದೇಶ ಧಿಕ್ಕರಿಸಿದ ಎನ್ನುವುದು ತಾಂತ್ರಿಕವಾಗಿ ಸರಿಯಲ್ಲ. ಜಾರ್ಜಿಯಾ ತೀರ್ಪನ್ನು ಗಣನೆಗೇ ತೆಗೆದುಕೊಳ್ಳದಿದ್ದಾಗ ಅವನು ಸುಮ್ಮನಿದ್ದ. ಚೆರೋಕಿಗಳ ಪಾಲಿಗೆ ಎರಡಕ್ಕೂ ವ್ಯತ್ಯಾಸ ಇರಲಿಲ್ಲ.

1835ರ ಡಿಸೆಂಬರ್ 29ರಂದು ನ್ಯೂ ಎಕೋಟಾದಲ್ಲಿ ಚೆರೋಕಿಗಳ ಒಂದು ಸಣ್ಣ ಗುಂಪು 50 ಲಕ್ಷ ಡಾಲರ್‌ಗೆ ಇಡೀ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಆಯ್ಕೆಯಾದ ಮುಖ್ಯಸ್ಥ ಜಾನ್ ರಾಸ್ 15,000ಕ್ಕೂ ಹೆಚ್ಚು ಸಹಿಗಳ ಮನವಿಯೊಂದಿಗೆ ವಿರೋಧಿಸಿದರೂ ಸೆನೆಟ್ ಅದನ್ನು ಬೇಕಾದ ಮೂರನೇ ಎರಡರ ಬಹುಮತವನ್ನು ಒಂದೇ ಮತದ ಅಂತರದಲ್ಲಿ ದಾಟಿ ಒಪ್ಪಿತು. ಗಡುವು ಮುಗಿದಾಗ, 1838ರಲ್ಲಿ, ಅಧ್ಯಕ್ಷನಾಗಿದ್ದವನು ವ್ಯಾನ್ ಬ್ಯೂರನ್. ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನ ಸುಮಾರು 7,000 ಸೈನಿಕರು ಮನೆಮನೆಗೆ ಹೋಗಿ ಜನರನ್ನು ಬೇಲಿ ಹಾಕಿದ ಶಿಬಿರಗಳಿಗೆ ಅಟ್ಟಿದರು. ಆ ಬೇಸಿಗೆ ಬರಗಾಲ. ನದಿಗಳಲ್ಲಿ ದೋಣಿ ಹೋಗುವಷ್ಟು ನೀರಿಲ್ಲ. ಪ್ರಯಾಣ ಶರತ್ಕಾಲಕ್ಕೆ ಮುಂದೂಡಿಕೆಯಾಗಿ ಜನ ತಿಂಗಳುಗಟ್ಟಲೆ ಶಿಬಿರಗಳಲ್ಲೇ ಕೊಳೆಯಬೇಕಾಯಿತು. ಭೇದಿ, ದಡಾರ, ನಾಯಿಕೆಮ್ಮು ಹಬ್ಬಿದವು. ತಡವಾಗಿ ಹೊರಟವರು ನಡುಚಳಿಗಾಲದಲ್ಲಿ ಮಿಸಿಸಿಪ್ಪಿ ದಡ ಮುಟ್ಟಿದಾಗ ನದಿಯಲ್ಲಿ ಮಂಜುಗಡ್ಡೆ ತೇಲುತ್ತಿತ್ತು, ದೋಣಿಗಳು ದಾಟುವಂತಿರಲಿಲ್ಲ. ಸುಮಾರು 16,000 ಜನರಲ್ಲಿ ಸತ್ತವರು 4,000 ಎಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಅವರಲ್ಲಿ ಇಪ್ಪತ್ತನಾಲ್ಕು ವರ್ಷ ಹಿಂದೆ ಹಾರ್ಸ್‌ಶೂ ಬೆಂಡ್‌ನಲ್ಲಿ ಜಾಕ್ಸನ್‌ನನ್ನು ಗೆಲ್ಲಿಸಿದವರ ಕುಟುಂಬಗಳೂ ಇದ್ದವು.

ಬ್ಯಾಂಕಿನ ಜೊತೆ ಯುದ್ಧ

‘ಸೆಕೆಂಡ್ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ನಮ್ಮ ರಿಸರ್ವ್ ಬ್ಯಾಂಕಿನಂಥದ್ದಲ್ಲ. 1816ರಲ್ಲಿ ಇಪ್ಪತ್ತು ವರ್ಷದ ಸನ್ನದು ಪಡೆದ ಅದರ ಬಂಡವಾಳ 3.5 ಕೋಟಿ ಡಾಲರ್. ಅದರಲ್ಲಿ ಸರ್ಕಾರದ ಪಾಲು ಐದನೇ ಒಂದು, ಉಳಿದದ್ದು ಖಾಸಗಿ ಷೇರುದಾರರದು, ವಿದೇಶಿಯರೂ ಸೇರಿ. ಸರ್ಕಾರದ ಠೇವಣಿಯೆಲ್ಲ ಅಲ್ಲಿ. ಸಾರ್ವಜನಿಕ ಹಣದಿಂದ ಲಾಭ ಮಾಡುವ, ಜನರಿಗೆ ಉತ್ತರ ಕೊಡಬೇಕಿಲ್ಲದ ಖಾಸಗಿ ಸಂಸ್ಥೆ ಎಂಬ ಜಾಕ್ಸನ್‌ನ ಟೀಕೆಯಲ್ಲಿ ಹುರುಳಿತ್ತು. ಅದರ ಅಧ್ಯಕ್ಷ ನಿಕೋಲಸ್ ಬಿಡಲ್ ಸಂಸದರಿಗೆ, ಪತ್ರಿಕೆಗಳವರಿಗೆ ಧಾರಾಳವಾಗಿ ಸಾಲ ಕೊಡುತ್ತಿದ್ದ.

ಆದರೆ ಆ ಬ್ಯಾಂಕು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಒಂದಿತ್ತು. ಆಗ ನೂರಾರು ಸ್ಥಳೀಯ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತಿದ್ದವು. ಕೇಳಿದಾಗ ಚಿನ್ನ ಅಥವಾ ಬೆಳ್ಳಿ ನಾಣ್ಯ ಕೊಡುತ್ತೇವೆ ಎಂಬ ಭರವಸೆಯೇ ಆ ನೋಟಿನ ಬೆಲೆ. ತೆರಿಗೆಯಾಗಿ ಬಂದ ಈ ನೋಟುಗಳು ಸೆಕೆಂಡ್ ಬ್ಯಾಂಕಿನಲ್ಲಿ ಸೇರುತ್ತಿದ್ದವು. ಅದು ಅವನ್ನು ನಿಯಮಿತವಾಗಿ ಆಯಾ ಬ್ಯಾಂಕಿಗೆ ಒಯ್ದು ನಾಣ್ಯ ಕೇಳುತ್ತಿತ್ತು. ತಿಜೋರಿಯಲ್ಲಿ ಇರುವುದಕ್ಕಿಂತ ವಿಪರೀತ ಅಚ್ಚು ಹಾಕಿದವನು ಸಿಕ್ಕಿಬೀಳುತ್ತಿದ್ದ. ಹೀಗಾಗಿ ಎಲ್ಲರೂ ಹಿಡಿತದಲ್ಲಿರುತ್ತಿದ್ದರು. ಬ್ಯಾಂಕನ್ನು ತೆಗೆದರೆ ಈ ಲಗಾಮು ಯಾರ ಕೈಗೆ ಹೋಗಬೇಕು? ಜಾಕ್ಸನ್‌ನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಅವನ ಆರ್ಥಿಕ ನೀತಿಯ ದೊಡ್ಡ ದೋಷ ಇದು.

ಸನ್ನದನ್ನು ನವೀಕರಿಸುವ ಮಸೂದೆಯನ್ನು 1832ರ ಜುಲೈ 10ರಂದು ಅವನು ವೀಟೊ ಮಾಡಿದ. ಆ ವರ್ಷದ ಚುನಾವಣೆಯಲ್ಲಿ ಕ್ಲೇ ಎದುರು 219–49ರಿಂದ ಗೆದ್ದ. ಜನ ತೀರ್ಪು ಕೊಟ್ಟಾಯಿತು ಎಂದುಕೊಂಡು, ಸನ್ನದು ಮುಗಿಯಲು ಇನ್ನೂ ಮೂರು ವರ್ಷ ಇರುವಾಗಲೇ ಸರ್ಕಾರಿ ಠೇವಣಿ ತೆಗೆಯಲು ಹೊರಟ. ಕಾನೂನಿನಂತೆ ಆ ಅಧಿಕಾರ ಇದ್ದದ್ದು ಖಜಾನೆ ಕಾರ್ಯದರ್ಶಿಗೆ, ಅವನು ಕಾಂಗ್ರೆಸ್‌ಗೆ ಕಾರಣ ತಿಳಿಸಬೇಕಿತ್ತು. ಆ ಹುದ್ದೆಯಲ್ಲಿದ್ದ ಲೂಯಿ ಮೆಕ್‌ಲೇನ್‌ಗೆ ಇದು ಒಪ್ಪಿಗೆಯಿರಲಿಲ್ಲ, ಅವನನ್ನು ಬೇರೆ ಖಾತೆಗೆ ಕಳಿಸಲಾಯಿತು. ನಂತರ ಬಂದ ವಿಲಿಯಂ ಡ್ವೇನ್ ಸಹಿ ಹಾಕಲೂ ಇಲ್ಲ, ರಾಜೀನಾಮೆ ಕೊಡಲೂ ಇಲ್ಲ. 1833ರ ಸೆಪ್ಟೆಂಬರ್ 23ರಂದು ಅವನನ್ನು ವಜಾ ಮಾಡಿ ರೋಜರ್ ಟಾನಿಯನ್ನು ಕೂರಿಸಲಾಯಿತು. ಟಾನಿ ಕೆಲಸ ಮುಗಿಸಿದ. ಹಳೆಯ ಠೇವಣಿಯನ್ನು ಒಮ್ಮೆಲೇ ಎತ್ತಲಿಲ್ಲ. ಖರ್ಚನ್ನೆಲ್ಲ ಅದರಿಂದ ಮಾಡುತ್ತ, ಹೊಸ ವರಮಾನವನ್ನು ಆಯ್ದ ರಾಜ್ಯ ಬ್ಯಾಂಕುಗಳಿಗೆ ಹಾಕುತ್ತ ಬಂದ. ವಿರೋಧಿಗಳು ಅವುಗಳನ್ನು ‘ಸಾಕುಬ್ಯಾಂಕು’ಗಳೆಂದು ಕರೆದರು.

ಸೆನೆಟ್ 1834ರ ಮಾರ್ಚ್‌ನಲ್ಲಿ ಅಧ್ಯಕ್ಷನ ಮೇಲೆ ಖಂಡನಾ ನಿರ್ಣಯ ಹೊರಡಿಸಿತು. ಜಾಕ್ಸನ್ ಬೆಂಬಲಿಗರು ಬಹುಮತ ಪಡೆದ ಮೇಲೆ, 1837ರಲ್ಲಿ, ಅದನ್ನು ದಾಖಲೆಯಿಂದಲೇ ಹೊಡೆದುಹಾಕಿದರು. ಬಿಡಲ್ ಕೂಡ ಕಡಿಮೆಯವನಲ್ಲ. ಸಾಲಗಳನ್ನು ಬೇಕೆಂದೇ ಬಿಗಿ ಮಾಡಿ ವ್ಯಾಪಾರಿಗಳನ್ನು ನರಳಿಸಿ ಸರ್ಕಾರವನ್ನು ಬಗ್ಗಿಸಲು ನೋಡಿದ. ಅದರಿಂದ ಜಾಕ್ಸನ್‌ನ ಆರೋಪವೇ ಸಾಬೀತಾದಂತಾಯಿತು. ಖಾಸಗಿಯವನೊಬ್ಬ ದೇಶದ ಕೊರಳು ಹಿಡಿಯಬಲ್ಲ ಎಂದು ಅವನು ಹೇಳುತ್ತಿದ್ದದ್ದೂ ಅದನ್ನೇ.

ಗುಳ್ಳೆ ಊದಿದ ಬಗೆ

1835ರ ಜನವರಿಯಲ್ಲಿ ರಾಷ್ಟ್ರೀಯ ಸಾಲ ಪೂರ್ತಿ ತೀರಿತು. ಅಮೆರಿಕದ ಚರಿತ್ರೆಯಲ್ಲಿ ಅದೊಂದೇ ಸಲ. ಆ ಹಣದ ಬಹುಭಾಗ ಬಂದದ್ದು ಆಮದು ಸುಂಕ ಮತ್ತು ಸರ್ಕಾರಿ ಜಮೀನಿನ ಮಾರಾಟದಿಂದ. 1834ರಲ್ಲಿ ಸುಮಾರು 50 ಲಕ್ಷ ಡಾಲರ್ ಇದ್ದ ಜಮೀನು ಮಾರಾಟ 1836ರಲ್ಲಿ ಸುಮಾರು 2.5 ಕೋಟಿಗೆ ಏರಿತು. ಮಾರುತ್ತಿದ್ದ ನೆಲದ ದೊಡ್ಡ ಪಾಲು ಕ್ರೀಕ್, ಚೊಕ್ಟಾ, ಚಿಕಸಾ ಜನರಿಂದ ತೆರವು ಮಾಡಿಸಿದ್ದು. ಮೂಲನಿವಾಸಿಗಳ ಕತೆ ಮತ್ತು ಬ್ಯಾಂಕಿನ ಕತೆ ಕೂಡುವ ಜಾಗ ಇದು.

ಎಕರೆಗೆ ಕನಿಷ್ಠ ಬೆಲೆ 1.25 ಡಾಲರ್. ದಲ್ಲಾಳಿ ಬ್ಯಾಂಕಿನಿಂದ ನೋಟು ಸಾಲ ತಂದು ಭೂಕಚೇರಿಯಲ್ಲಿ ಕಟ್ಟುತ್ತಾನೆ. ಕಚೇರಿ ಆ ನೋಟನ್ನು ಸಾಕುಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಬ್ಯಾಂಕು ಅದೇ ಬಲದ ಮೇಲೆ ಮತ್ತೆ ದಲ್ಲಾಳಿಗೆ ಸಾಲ ಕೊಡುತ್ತದೆ. ತಡೆಯುತ್ತಿದ್ದ ಲಗಾಮು ಹೋಗಿದೆ. ಕಾಗದದ ಹಣ ನೋಡಿ ಗಾಬರಿಗೊಂಡ ಜಾಕ್ಸನ್ 1836ರ ಜುಲೈ 11ರಂದು, ಸರ್ಕಾರಿ ಜಮೀನಿಗೆ ಇನ್ನು ಚಿನ್ನ ಬೆಳ್ಳಿ ಮಾತ್ರ ತೆಗೆದುಕೊಳ್ಳಬೇಕೆಂದು ಸುತ್ತೋಲೆ ಹೊರಡಿಸಿದ. ಅದೇ ಹೊತ್ತಿಗೆ ಖಜಾನೆಯ ಹೆಚ್ಚುವರಿ ಹಣವನ್ನು ರಾಜ್ಯಗಳಿಗೆ ಹಂಚುವ ಕಾನೂನೂ ಬಂದು, ಬ್ಯಾಂಕುಗಳಿಂದ ನಾಣ್ಯ ಎಲ್ಲೆಲ್ಲಿಗೋ ಹರಿಯತೊಡಗಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಏರಿಸಿತು, ಹತ್ತಿಯ ಬೆಲೆ ಬಿತ್ತು. 1837ರ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ನಾಣ್ಯ ಕೊಡುವುದನ್ನು ನಿಲ್ಲಿಸಿದವು. ಜಾಕ್ಸನ್ ಅಧಿಕಾರ ಬಿಟ್ಟು ಎರಡು ತಿಂಗಳಾಗಿತ್ತು, ಜನ ಶಪಿಸಿದ್ದು ವ್ಯಾನ್ ಬ್ಯೂರನ್‌ನನ್ನು.

ಆರ್ಥಿಕ ಇತಿಹಾಸಕಾರರ ಒಂದು ಪಂಗಡ ಇದರಲ್ಲಿ ಜಾಕ್ಸನ್‌ನ ಪಾಲು ಕಡಿಮೆ ಎನ್ನುತ್ತದೆ. ಮೆಕ್ಸಿಕೊದ ಬೆಳ್ಳಿ ಹರಿದು ಬಂದದ್ದು, ಬ್ರಿಟನ್ನಿನ ಬಂಡವಾಳ ಬಂದು ಹಿಂದೆ ಸರಿದದ್ದು ಮುಖ್ಯ ಎಂಬುದು ಅವರ ವಾದ. ಬೆಲೆಯೇರಿಕೆಯ ಮಟ್ಟಿಗೆ ಇದು ಬಲವಾದ ವಾದ. ಆದರೆ ಹೊಡೆತ ಬಿದ್ದಾಗ ತಡೆದುಕೊಳ್ಳುವ ಸಂಸ್ಥೆ ಇರಲಿಲ್ಲ, ಅದನ್ನು ತೆಗೆದವನು ಅವನೇ ಎಂಬುದು ಅದರಿಂದ ಅಳಿಯುವುದಿಲ್ಲ.

ಒಕ್ಕೂಟದ ಪರ, ಅದೂ ಅವನೇ

ಅವನ ಅಭಿಮಾನಿಗಳು ನೆನಪಿಸುವ ಇನ್ನೊಂದು ಪ್ರಸಂಗಕ್ಕೆ ನ್ಯಾಯ ಸಲ್ಲಬೇಕು. 1832ರ ನವೆಂಬರ್‌ನಲ್ಲಿ ದಕ್ಷಿಣ ಕೆರೊಲೈನಾ, ಫೆಡರಲ್ ಆಮದು ಸುಂಕ ತನ್ನ ನೆಲದಲ್ಲಿ ಅಸಿಂಧು ಎಂದು ಘೋಷಿಸಿತು. ಡಿಸೆಂಬರ್ 10ರ ಘೋಷಣೆಯಲ್ಲಿ ಜಾಕ್ಸನ್ ಇದು ದೇಶದ್ರೋಹದ ದಾರಿ ಎಂದು ಎಚ್ಚರಿಸಿದ. ಸೇನೆ ಬಳಸುವ ಅಧಿಕಾರ ಪಡೆದ, ಜೊತೆಗೇ ಸುಂಕ ಇಳಿಸುವ ರಾಜಿಗೂ ಸಹಿ ಹಾಕಿದ. ಮೂರು ದಶಕದ ನಂತರ ಅಬ್ರಹಾಂ ಲಿಂಕನ್ ಇದೇ ವಾದದ ಮೇಲೆ ನಿಂತ. ಜಾರ್ಜಿಯಾಕ್ಕೆ ಬಿಟ್ಟ ಸಡಿಲವನ್ನು ಕೆರೊಲೈನಾಕ್ಕೆ ಕೊಡಲಿಲ್ಲ ಏಕೆ ಎಂದರೆ, ಒಂದರಲ್ಲಿ ರಾಜ್ಯದ ಹಟ ಅವನಿಗೂ ಬೇಕಿದ್ದ ಫಲ ತರುತ್ತಿತ್ತು, ಇನ್ನೊಂದರಲ್ಲಿ ಅವನ ಅಧಿಕಾರವನ್ನೇ ಪ್ರಶ್ನಿಸುತ್ತಿತ್ತು.

ಈಗಿನ ಜಗಳದಲ್ಲಿ ಏನಿದೆ

ಇಪ್ಪತ್ತನೇ ಶತಮಾನದ ನಡುಭಾಗದ ಇತಿಹಾಸಕಾರರು ಜಾಕ್ಸನ್‌ನನ್ನು ಬ್ಯಾಂಕರುಗಳ ವಿರುದ್ಧ ದುಡಿಯುವವರ ಪರ ನಿಂತವನೆಂದು ಬರೆದರು. 1970ರ ದಶಕದ ನಂತರ ಮೂಲನಿವಾಸಿಗಳ ಸ್ಥಳಾಂತರ ಮತ್ತು ಗುಲಾಮಗಿರಿ ಮುಂದಕ್ಕೆ ಬಂದವು. ಅವನು ಸಾಗಿಸದಿದ್ದರೆ ಬಿಳಿಯರು ಅವರನ್ನು ಪೂರ್ತಿ ಮುಗಿಸುತ್ತಿದ್ದರು ಎಂಬ ಸಮರ್ಥನೆಯೂ ಬಂದಿದೆ. ನುಗ್ಗುವವರನ್ನು ತಡೆಯುವ ಸೇನೆ ಅವನ ಕೈಯಲ್ಲೇ ಇದ್ದುದರಿಂದ ಅದು ದುರ್ಬಲ ಸಮರ್ಥನೆ. ಜೆಫರ್ಸನ್ ಮತ್ತು ಜಾಕ್ಸನ್ ಹೆಸರಿನ ವಾರ್ಷಿಕ ಔತಣಗಳನ್ನು ಡೆಮಾಕ್ರಟಿಕ್ ಪಕ್ಷದ ಹಲವು ರಾಜ್ಯ ಘಟಕಗಳು 2015ರಿಂದೀಚೆಗೆ ಬೇರೆ ಹೆಸರಿಗೆ ಬದಲಿಸಿದವು, ಚಿತ್ರಪಟ ಅತ್ತ ರಿಪಬ್ಲಿಕನ್ ಅಧ್ಯಕ್ಷರ ಗೋಡೆ ಸೇರಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಇತರರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಅವರ ಚಿತ್ರ ಇಪ್ಪತ್ತು ಡಾಲರ್ ನೋಟಿನ ಮುಂಭಾಗಕ್ಕೆ ಬರಲಿದೆ ಎಂದು 2016ರಲ್ಲಿ ಹೇಳಲಾಗಿತ್ತು. 2019ರಲ್ಲಿ ಅದನ್ನು ಮುಂದೂಡಲಾಯಿತು.

ಫೆಡರಲ್ ರಿಸರ್ವ್ ವಿವಾದಕ್ಕೆ ಜಾಕ್ಸನ್‌ನ ಉದಾಹರಣೆ ಎಷ್ಟು ಹೊಂದುತ್ತದೆ? ಅರ್ಧದಷ್ಟು ಮಾತ್ರ. ಡ್ವೇನ್ ಸಂಪುಟದ ಸದಸ್ಯ, ಅವನಿಗೆ ನಿಗದಿತ ಅವಧಿ ಇರಲಿಲ್ಲ. ಇಂದಿನ ಗವರ್ನರ್‌ಗಳ ಪೂರ್ಣಾವಧಿ 14 ವರ್ಷ, ‘ಕಾರಣ’ ಇದ್ದರೆ ಮಾತ್ರ ತೆಗೆಯಬಹುದೆಂದು ಕಾನೂನಿನಲ್ಲೇ ಇದೆ. ಡ್ವೇನ್‌ನಂತೆ ಬೆಳಗಾಗುವುದರೊಳಗೆ ಬದಲಿಸಬಾರದೆಂಬುದೇ ಆ ರಕ್ಷಣೆಯ ಉದ್ದೇಶ. ಆ ‘ಕಾರಣ’ವನ್ನು ತೀರ್ಮಾನಿಸುವವರು ಯಾರು, ಅಧ್ಯಕ್ಷರೋ ಕೋರ್ಟೋ ಎಂಬುದರ ಮೇಲೆ ರಕ್ಷಣೆಯ ಬೆಲೆ ನಿಂತಿದೆ.

ಮೂಲನಿವಾಸಿಗಳ ವಿಷಯದಲ್ಲಿ ಪರಿಣಾಮ ಇನ್ನೂ ನೇರ. ಪಶ್ಚಿಮಕ್ಕೆ ಹೋಗುವಂತೆ ಮಾಡಲು ಕೊಟ್ಟ ವಚನಗಳು ಕಾಗದದಲ್ಲಿ ಉಳಿದಿದ್ದವು. 2020ರ ಜುಲೈ 9ರಂದು ‘ಮೆಕ್‌ಗರ್ಟ್ ವಿರುದ್ಧ ಒಕ್ಲಹೋಮಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5–4ರಿಂದ, 1830ರ ದಶಕದ ಒಪ್ಪಂದಗಳಲ್ಲಿ ಕ್ರೀಕರಿಗೆ ಮೀಸಲಿಟ್ಟ ನೆಲದ ಸ್ಥಾನಮಾನವನ್ನು ಕಾಂಗ್ರೆಸ್ ಎಂದೂ ರದ್ದು ಮಾಡಿಲ್ಲ ಎಂದಿತು. ಹಾಗಾಗಿ ಅಲ್ಲಿ ಮೂಲನಿವಾಸಿಗಳು ಆರೋಪಿಗಳಾದ ಗಂಭೀರ ಅಪರಾಧ ಪ್ರಕರಣಗಳು ರಾಜ್ಯದ ಕೋರ್ಟಿನಿಂದ ಫೆಡರಲ್ ಕೋರ್ಟಿಗೆ ಹೋದವು. ನ್ಯೂ ಎಕೋಟಾ ಒಪ್ಪಂದದ ಏಳನೇ ವಿಧಿ ಚೆರೋಕಿಗಳಿಗೆ ಪ್ರತಿನಿಧಿ ಸಭೆಯಲ್ಲಿ ಒಬ್ಬ ಪ್ರತಿನಿಧಿಯ ಹಕ್ಕು ಕೊಟ್ಟಿದೆ, ಕಾಂಗ್ರೆಸ್ ಅದಕ್ಕೆ ಅವಕಾಶ ಮಾಡಿಕೊಟ್ಟಾಗ ಎಂಬ ಮಾತಿನೊಂದಿಗೆ. ತಾವು ಒಪ್ಪದ ಆ ಒಪ್ಪಂದವನ್ನೇ ಮುಂದಿಟ್ಟು ಚೆರೋಕಿ ನೇಷನ್ 2019ರಲ್ಲಿ ಕಿಂಬರ್ಲಿ ಟೀಹಿ ಅವರನ್ನು ಪ್ರತಿನಿಧಿಯಾಗಿ ಹೆಸರಿಸಿತು. 2022ರ ನವೆಂಬರ್‌ನಲ್ಲಿ ಸದನದ ನಿಯಮಾವಳಿ ಸಮಿತಿ ವಿಚಾರಣೆಯನ್ನೂ ನಡೆಸಿತು. ಆ ವಿಚಾರಣೆಯ ನಂತರವೂ ಸದನ ಅವರಿಗೆ ಆಸನ ಕೊಡಲಿಲ್ಲ.